ಟಾಟಾ ಇನ್‌ಸ್ಟಿಟ್ಯೂಟಿನ ತೆರೆದ ಕಣಜ

ಬಾಗಲಗುಂಟೆಯಿಂದ ತುಮಕೂರು ರಸ್ತೆಗಿಳಿದು ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ ದಾಟಿದರೆ ಭಾರತೀಯ ವಿಜ್ಞಾನ ಸಂಸ್ಥೆ. ಈ ಕಡೆಯ ಹಳಬರ ಬಾಯಲ್ಲಿ ಈಗಲೂ ಅದು ಟಾಟಾ ಇನ್‌ಸ್ಟಿಟ್ಯೂಟೇ. ಸಂಶೋಧನಾ ಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದಾದ ಕಣಜವೊಂದು 2002ರಲ್ಲಿ ಅಲ್ಲಿ ಶುರುವಾಯಿತು. ದೇಶಕ್ಕೇ ಅದು ಮೊದಮೊದಲಿನದು.

ಇಂಥ ಕಣಜ ಬೇಕೆನಿಸಿದ್ದರ ಹಿಂದಿನ ತಕರಾರು ಲೈಬ್ರರಿಯವರಿಗೆಲ್ಲ ಗೊತ್ತಿದ್ದದ್ದೇ. ವಿಜ್ಞಾನಿ ಸರ್ಕಾರದ ದುಡ್ಡಲ್ಲಿ ಸಂಶೋಧನೆ ಮಾಡಿ, ಬರೆದದ್ದನ್ನು ಹಕ್ಕು ಸಮೇತ ಪ್ರಕಾಶಕರಿಗೆ ಬರೆದುಕೊಡುತ್ತಾರೆ. ಅದನ್ನೇ ಓದಲು ಆಗ ಅವರ ಸಂಸ್ಥೆ ಡಾಲರಿನಲ್ಲಿ ಚಂದಾ ಕಟ್ಟುತ್ತಿತ್ತು. ಕಟ್ಟಲಾಗದ ಜಿಲ್ಲಾ ಕಾಲೇಜಿನವರ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ.

ಸಂಸ್ಥೆಯ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರದ ಟಿ. ಬಿ. ರಾಜಶೇಖರ್ ಕೈಗೆತ್ತಿಕೊಂಡ ಉಪಾಯ ಇ-ಪ್ರಿಂಟ್ಸ್. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಹಾರ್ನಾಡ್ ಬೆನ್ನುಹತ್ತಿ ಮಾಡಿಸಿದ ತಂತ್ರಾಂಶ ಅದು. 2000ದಲ್ಲಿ ಮೊದಲು ಬರೆದವರು ರಾಬರ್ಟ್ ಟ್ಯಾನ್ಸ್ಲಿ. ಲೈಸೆನ್ಸಿಗೆ ಕಾಸಿಲ್ಲ, ಸೋರ್ಸ್ ಕೋಡ್ ಬಿಚ್ಚಿ ತಿದ್ದಿಕೊಳ್ಳಬಹುದು. ಲಿನಕ್ಸ್ ಸರ್ವರ್, ಅಪಾಚೆ, ಮೈಎಸ್‌ಕ್ಯೂಎಲ್, ಪರ್ಲ್ ಇದ್ದರೆ ಸಾಕು. ಪ್ರತಿ ಪ್ರಬಂಧದ ಶೀರ್ಷಿಕೆ, ಲೇಖಕರು, ವರ್ಷವನ್ನು ಅದು ಎಲ್ಲ ಕಣಜಗಳೂ ಒಪ್ಪಿಕೊಂಡ ಒಂದೇ ನಿಯಮದಲ್ಲಿ ಒದಗಿಸುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ಸೇರಿಸಿದ್ದು ಬೇರೆ ದೇಶದ ಹುಡುಕು ಸೇವೆಗೂ ಸಿಗುತ್ತದೆ.

ತಂತ್ರಾಂಶವೇನೋ ಪುಕ್ಕಟೆ ಸಿಕ್ಕಿತು. ಪ್ರಬಂಧ ಸಿಗಬೇಕಲ್ಲ! ಪ್ರೊಫೆಸರುಗಳಿಗೆ ಫಾರಂ ತುಂಬುವ ಪುರುಸೊತ್ತಿಲ್ಲ, ಪ್ರಕಾಶಕರು ಏನಂದಾರೋ ಎಂಬ ಅಳುಕು ಬೇರೆ. ಅವರೇ ಬಂದು ಸೇರಿಸಲಿ ಎಂದು ಕೂತಿದ್ದರೆ ಕಣಜ ತುಂಬುತ್ತಿರಲಿಲ್ಲ. ಕೇಂದ್ರದ ಸಿಬ್ಬಂದಿಯೇ ಸಂಸ್ಥೆಯವರ ಪ್ರಬಂಧಗಳನ್ನು ಸೂಚಿಗಳಲ್ಲಿ ಹುಡುಕಿ, ವಿವರ ತುಂಬಿ, ಲೇಖಕರ ಪರವಾಗಿ ಏರಿಸತೊಡಗಿದರು. ನನ್ನ ಲೆಕ್ಕದಲ್ಲಿ ನಿಜವಾದ ಆವಿಷ್ಕಾರ ಈ ಗುಮಾಸ್ತಗಿರಿಯೇ. 2005ರಲ್ಲಿ ರಾಜಶೇಖರ್ ತೀರಿಕೊಂಡ ಮೇಲೂ ಅದೇ ಕೇಂದ್ರದ ಫ್ರಾನ್ಸಿಸ್ ಜಯಕಾಂತ್ ಮತ್ತು ಸಂಗಡಿಗರು ಅದನ್ನು ಬಿಡಲಿಲ್ಲ.

ಪ್ರಕಾಶಕರ ಕಟ್ಟುಪಾಡಿದ್ದ ಪ್ರಬಂಧಗಳು ಏರಿದರೂ ಬೀಗದೊಳಗೇ ಇರುತ್ತವೆ. ಅದಕ್ಕೂ ಇ-ಪ್ರಿಂಟ್ಸ್‌ನಲ್ಲಿ ಒಂದು ಬಟನ್ ಬಂತು. ಓದುಗ ಅದನ್ನೊತ್ತಿ ತನ್ನ ಇ-ಮೇಲ್ ಕೊಟ್ಟರೆ ಲೇಖಕರಿಗೆ ಕೋರಿಕೆ ಹೋಗುತ್ತದೆ. ಅವರು ಒಪ್ಪಿ ಒಂದು ಕ್ಲಿಕ್ ಮಾಡಿದರೆ ಪ್ರತಿ ಕೈಸೇರುತ್ತದೆ. ಪ್ರೊಫೆಸರು ಮೇಲ್ ನೋಡಬೇಕು, ಅಷ್ಟೇ.