ಪಾರ್ಶ್ವವಾಯು ಪೀಡಿತ ಕೈಗೆ ಯಂತ್ರದ ನೆರವು

ಪಾರ್ಶ್ವವಾಯು ಬಡಿದ ಕೈ ನಿಶ್ಚೇಷ್ಟಿತವಾಗಿ ಬಿದ್ದಿರುವುದನ್ನು ಕಂಡವರು ಕೈಯೇ ಕೆಟ್ಟಿತೆಂದು ಭಾವಿಸುವುದು ಸಹಜ. ವಾಸ್ತವವಾಗಿ ಕೆಟ್ಟಿರುವುದು ಆ ಕೈಗೆ ಆಜ್ಞೆಯನ್ನೀಯುವ ಮಿದುಳಿನ ಭಾಗ. ರಕ್ತನಾಳವು ಕಟ್ಟಿಕೊಂಡುದರಿಂದಲೋ ಒಡೆದುದರಿಂದಲೋ ಅಲ್ಲಿಯ ನರಕೋಶಗಳು ಸಾಯುತ್ತವೆ. ಸತ್ತ ಕೋಶಗಳು ಮರಳಿ ಬಾರವು. ಆದರೆ ಉಳಿದ ಕೋಶಗಳು ಹೊಸ ಸಂಬಂಧಗಳನ್ನು ಬೆಳೆಸಿಕೊಂಡು ನಷ್ಟವಾದ ಕಾರ್ಯವನ್ನು ಕೆಲಮಟ್ಟಿಗೆ ವಹಿಸಿಕೊಳ್ಳಬಲ್ಲವು. ಇದಕ್ಕೆ ಬೇಕಾದುದು ಒಂದೇ ಚಲನೆಯ ಪುನಃ ಪುನಃ ಅಭ್ಯಾಸ. ಒಬ್ಬ ಚಿಕಿತ್ಸಕನು ಒಬ್ಬ ರೋಗಿಯ ಕೈ ಹಿಡಿದು ದಿನವೂ ನೂರಾರು ಬಾರಿ ಆಡಿಸುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ವಿವರಿಸಬೇಕಾಗಿಲ್ಲ.

ಈ ಶ್ರಮವನ್ನು ಯಂತ್ರಕ್ಕೆ ವಹಿಸಬಹುದೆಂಬ ಆಲೋಚನೆಯಿಂದ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ನೆವಿಲ್ ಹೋಗನ್, ಹರ್ಮಾನೊ ಕ್ರೆಬ್ಸ್ ಮೊದಲಾದವರು 1990ರ ಸುಮಾರಿಗೆ ‘ಎಂಐಟಿ-ಮಾನುಸ್’ ಎಂಬ ಯಂತ್ರವನ್ನು ನಿರ್ಮಿಸಿದರು. ‘ಮಾನುಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕೈ. ರೋಗಿಯು ಮೇಜಿನ ಮುಂದೆ ಕುಳಿತು ಯಂತ್ರದ ಹಿಡಿಯನ್ನು ಹಿಡಿದು, ಪರದೆಯ ಮೇಲೆ ತೋರುವ ಗುರಿಯತ್ತ ಕೈ ಚಾಚಬೇಕು. ಕಾರ್ಖಾನೆಯ ಯಂತ್ರಬಾಹು ಅಡ್ಡ ಬಂದುದನ್ನು ನೂಕಿ ಸಾಗುವಂಥದು. ಇದಾದರೋ ರೋಗಿಯ ಕೈಗೆ ಮಣಿಯುತ್ತದೆ. ಕೈ ತಾನೇ ಚಲಿಸಿದರೆ ಯಂತ್ರವು ಸುಮ್ಮನಿರುತ್ತದೆ. ನಡುವೆ ನಿಂತರೆ ಅಗತ್ಯವಿದ್ದಷ್ಟೇ ನೆರವಿತ್ತು ಗುರಿ ಮುಟ್ಟಿಸುತ್ತದೆ. ರೋಗಿಯ ಪ್ರಯತ್ನವಿಲ್ಲದೆ ಯಂತ್ರವೇ ಎಲ್ಲವನ್ನೂ ಮಾಡಿದರೆ ಮಿದುಳು ಕಲಿಯುವುದು ಅತ್ಯಲ್ಪ. ಮೊದಲ ಯಂತ್ರವು ಭುಜ ಹಾಗೂ ಮೊಣಕೈಗಳಿಗೆ ಮೀಸಲಾಗಿತ್ತು. ಮಣಿಕಟ್ಟು, ಬೆರಳುಗಳ ಉಪಕರಣಗಳು ತರುವಾಯ ಬಂದವು.

ಇದರ ಫಲವೇನು? 2010ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ಪಾರ್ಶ್ವವಾಯು ಬಡಿದು ಆರು ತಿಂಗಳಿಗೂ ಹೆಚ್ಚು ಕಾಲ ಕಳೆದಿದ್ದ 127 ಮಂದಿ ಭಾಗವಹಿಸಿದ್ದರು. 36 ವಾರಗಳ ಕೊನೆಗೆ ನೋಡಿದಾಗ, ಯಂತ್ರದ ನೆರವು ಪಡೆದವರು ಸಾಮಾನ್ಯ ಆರೈಕೆ ಪಡೆದವರಿಗಿಂತ ಕೊಂಚ ಮುಂದಿದ್ದರು. ಚಿಕಿತ್ಸಕರಿಂದಲೇ ಅಷ್ಟೇ ತೀವ್ರವಾದ ಅಭ್ಯಾಸ ಪಡೆದವರಿಗಿಂತ ಮುಂದಿರಲಿಲ್ಲ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆ ಇನ್ನೂ ದೊಡ್ಡದು, 770 ರೋಗಿಗಳದು. ಅಲ್ಲಿ ಯಂತ್ರಾಭ್ಯಾಸದಿಂದ ತೋಳಿನ ಚಲನೆ ಸ್ವಲ್ಪ ಸುಧಾರಿಸಿತಾದರೂ, ನಿತ್ಯದ ಕೆಲಸಗಳಲ್ಲಿ ಕೈಯ ಉಪಯೋಗ ಹೆಚ್ಚಲಿಲ್ಲ.

ಗುರಿಯತ್ತ ಹಿಡಿಯನ್ನು ಸರಿಸಬಲ್ಲ ಕೈ ತುತ್ತನ್ನು ಕಲಸಿ ಬಾಯಿಗೆ ಒಯ್ಯಬಲ್ಲದೆಂದು ಹೇಳಲಾಗದು. ಗುಂಡಿ ಹಾಕುವುದು, ಲೋಟ ಎತ್ತುವುದು ಇವುಗಳನ್ನು ಬೇರೆಯಾಗಿಯೇ ಅಭ್ಯಸಿಸಬೇಕು. ಆದುದರಿಂದ ಯಂತ್ರವು ಚಿಕಿತ್ಸಕನ ಸ್ಥಾನವನ್ನು ತುಂಬುವುದಲ್ಲ, ಅವನ ಆಯಾಸವನ್ನು ಹಂಚಿಕೊಳ್ಳುವುದು. ದುಬಾರಿ ಯಂತ್ರ ದೊರೆಯದ ಮನೆಯವರು ಎದೆಗುಂದಬೇಕಾಗಿಲ್ಲ. ಬಲ್ಲವರ ಮಾರ್ಗದರ್ಶನದಲ್ಲಿ ತಾಳ್ಮೆಯಿಂದ ನಡೆಸುವ ನಿತ್ಯಾಭ್ಯಾಸದ ದಾರಿ ಅವರಿಗೂ ತೆರೆದೇ ಇದೆ.