ಓಟದ ದುಡ್ಡು, ಉದ್ಯಮದ ಪಾಠ

ಎಲ್ಲೋ ಒಬ್ಬ ಓಡಿದರೆ ಇನ್ನೆಲ್ಲೋ ಬೀದಿಬದಿಯ ವ್ಯಾಪಾರಿಗೆ ಪಾಠ ಸಿಗುವುದು ಹೇಗೆ? ಬಡ ಪ್ರದೇಶಗಳ ಉದ್ಯಮಶೀಲತಾ ಶಿಕ್ಷಣಕ್ಕಾಗಿ ದೂರದ ಓಟ, ಸೈಕಲ್ ಯಾತ್ರೆ, ಪರ್ವತಾರೋಹಣಗಳ ಮೂಲಕ ಹಣ ಕೂಡಿಸುವ ರೂಢಿ ಈಗ ಹಲವು ದೇಶಗಳಲ್ಲಿದೆ. ಓಟಗಾರನ ಬೆವರು ತಾನಾಗಿಯೇ ದುಡ್ಡಾಗುವುದಿಲ್ಲ. ಅದರ ಹಿಂದೆ ಒಂದು ಲೆಕ್ಕವಿದೆ.

ಆ ಲೆಕ್ಕಕ್ಕೆ ಪ್ರಸಿದ್ಧ ಉದಾಹರಣೆ ಕೆನಡಾದ ಟೆರಿ ಫಾಕ್ಸ್. ಅವನು ಓಡಿದ್ದು ಕ್ಯಾನ್ಸರ್ ಸಂಶೋಧನೆಗಾಗಿ. ಆದರೂ ಕ್ರಮ ಅದೇ. ಕ್ಯಾನ್ಸರ್‌ನಿಂದ ಬಲಗಾಲು ಕಳೆದುಕೊಂಡ ಈ 21ರ ತರುಣ 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ಓಟ ಆರಂಭಿಸಿದ. ದಿನಕ್ಕೆ ಸುಮಾರು 26 ಮೈಲಿ. ಹೋಟೆಲ್ ಉದ್ಯಮಿಯೊಬ್ಬರು ಮೈಲಿಗೆ 2 ಡಾಲರ್ ಕೊಡುವುದಾಗಿ ಮಾತು ಕೊಟ್ಟು, ಸಾವಿರದಷ್ಟು ಕಂಪನಿಗಳನ್ನು ಅದೇ ಮಾತಿಗೆ ಒಪ್ಪಿಸಿದರು. 26 ಮೈಲಿಗೆ ಒಬ್ಬರಿಂದ 52 ಡಾಲರ್, ಸಾವಿರ ಮಂದಿಯಿಂದ? ನೀವೇ ಗುಣಿಸಿ ನೋಡಿ. 143 ದಿನ, 5,373 ಕಿಲೋಮೀಟರ್ ಆದಾಗ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ಅವನು ನಿಲ್ಲಬೇಕಾಯಿತು. ದೇಶದ ಪ್ರತಿಯೊಬ್ಬರಿಂದ ಒಂದೊಂದು ಡಾಲರ್ ಎಂಬ ಅವನ ಗುರಿ, ಅಂದರೆ ಸುಮಾರು 2.4 ಕೋಟಿ ಡಾಲರ್, 1981ರ ಫೆಬ್ರವರಿಯಲ್ಲಿ ಈಡೇರಿತು. ಆ ಜೂನ್‌ನಲ್ಲಿ ಅವನು ತೀರಿಕೊಂಡ.

ದೂರದರ್ಶನದ ಕೆಲಸದಲ್ಲಿರುವ ನನಗೆ ಒಂದು ಮಾತು ಗೊತ್ತು: ಕ್ಯಾಮೆರಾಕ್ಕೆ ಓಡುವವನೆಂದರೆ ಪ್ರೀತಿ, ಬೆಂಚಿನ ಮೇಲೆ ಕುಳಿತು ಜಮಾಖರ್ಚು ಕಲಿಯುವವಳನ್ನು ಕಂಡರೆ ಅದಕ್ಕೆ ಆಕಳಿಕೆ. ಹಾಗಾಗಿ ಕೂಡಿದ ಹಣ ಏನು ಮಾಡಿತು ಎಂಬ ಅರ್ಧ ಕಥೆ ತೆರೆಯ ಮೇಲೆ ಬರುವುದೇ ಅಪರೂಪ.

ಆ ಅರ್ಧವನ್ನು ಪ್ರಯೋಗಶಾಲೆಯ ಶಿಸ್ತಿನಿಂದ ಪರೀಕ್ಷಿಸಿದ್ದು ಪಶ್ಚಿಮ ಆಫ್ರಿಕಾದ ಟೋಗೋ ದೇಶದಲ್ಲಿ. ರಾಜಧಾನಿ ಲೋಮೆಯ 1,500 ಸಣ್ಣ ಉದ್ಯಮಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಲೆಕ್ಕಪತ್ರ, ಮಾರಾಟ, ಹಣಕಾಸಿನ ಪರಿಚಿತ ಪಾಠ. ಇನ್ನೊಂದಕ್ಕೆ ಮನಶ್ಶಾಸ್ತ್ರದ ಆಧಾರದ ಬೇರೆ ಪಾಠ: ತಾನಾಗಿ ಮುಂದಾಗುವುದು, ನೆರೆಯ ಅಂಗಡಿಯನ್ನು ನಕಲು ಮಾಡದೆ ಹೊಸದನ್ನು ಹುಡುಕುವುದು, ಅಡ್ಡಿ ಬಂದರೂ ಕೈಬಿಡದಿರುವುದು. ಎರಡಕ್ಕೂ 36 ಗಂಟೆ ತರಗತಿ; ಆಮೇಲೆ ನಾಲ್ಕು ತಿಂಗಳು, ತಿಂಗಳಿಗೊಮ್ಮೆ ತರಬೇತುದಾರರೇ ಅಂಗಡಿಗೆ ಬಂದು ನೋಡುವರು. ಮೂರನೆಯ ಗುಂಪಿಗೆ ಏನೂ ಇಲ್ಲ, ಹೋಲಿಕೆಗಾಗಿ.

ಫಲಿತಾಂಶ 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹೋಲಿಕೆಯ ಗುಂಪಿಗಿಂತ ಮನಶ್ಶಾಸ್ತ್ರದ ಗುಂಪಿನ ಲಾಭ ಶೇಕಡಾ 30ರಷ್ಟು ಹೆಚ್ಚಿತ್ತು. ಪರಿಚಿತ ಪಾಠದವರದು ಶೇಕಡಾ 11. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು ಎನ್ನುತ್ತದೆ ಸಂಖ್ಯಾಶಾಸ್ತ್ರ. ಸೋಜಿಗವೆಂದರೆ ಎರಡು ಪಾಠಗಳ ಖರ್ಚೂ ಹೆಚ್ಚುಕಡಿಮೆ ಒಂದೇ: ಒಬ್ಬರಿಗೆ ಸುಮಾರು 750 ಡಾಲರ್. ಲೆಕ್ಕ ಬರೆಯುವುದು ಬೇಡವೆಂದು ಇದರ ಅರ್ಥವಲ್ಲ. ಅದೊಂದೇ ಸಾಲದು, ಅಷ್ಟೆ.

ನಾಳೆ ನಿಮ್ಮ ಕಾಲೇಜಿಗೂ ಇಂಥ ಓಟದ ದೇಣಿಗೆ ಚೀಟಿ ಬಂದೀತು. ಓಟಗಾರನ ಪ್ರಯಾಣ, ಊಟದ ಖರ್ಚು ಕಳೆದು ಉಳಿಯುವುದೆಷ್ಟು, ಕಲಿಸುವುದೇನು, ಕಲಿತವರ ಮನೆಬಾಗಿಲಿಗೆ ಮತ್ತೆ ಹೋಗುವವರು ಯಾರು ಎಂದು ಸಂಕೋಚವಿಲ್ಲದೆ ಕೇಳಿ.

ಈ ಕೊನೆಯ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಧರ್ಮಸ್ಥಳದ ಬಳಿಯ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಗ್ರಾಮೀಣ ಯುವಕ ಯುವತಿಯರಿಗೆ ಉಚಿತವಾಗಿ ಸ್ವಉದ್ಯೋಗ ಕಲಿಸುತ್ತ ಬಂದಿದೆ. ಅಲ್ಲಿನ ದುಡ್ಡು ಓಟದ್ದಲ್ಲ; ಧರ್ಮಸ್ಥಳದ ಟ್ರಸ್ಟ್ ಮತ್ತು ಬ್ಯಾಂಕುಗಳು ಕೂಡಿ ಕಟ್ಟಿದ್ದು. ತರಗತಿ ಕೆಲವೇ ವಾರಗಳದ್ದು. ಮುಗಿದ ಮೇಲೂ ಬ್ಯಾಂಕ್ ಸಾಲ ಸಿಕ್ಕಿತೆ, ಅಂಗಡಿ ತೆರೆಯಿತೆ, ತೆರೆದದ್ದು ನಡೆಯುತ್ತಿದೆಯೆ ಎಂದು ಸಂಸ್ಥೆಯವರು ವಿಚಾರಿಸುತ್ತಿರುತ್ತಾರೆ.