ಕೋಯಿ ಮೀನಿನ ಕೊಳಕ್ಕೆ ವಾಲ್ವ್ ತರುವ ಮುನ್ನ: ಎಲ್ಲಿಗೆ ಯಾವುದು, ಯಾಕೆ?

ಮನೆ ಅಂಗಳ, ಹೋಂಸ್ಟೇ, ಹೋಟೆಲ್ ಮುಂಭಾಗದಲ್ಲಿ ಕೋಯಿ ಮೀನಿನ ಕೊಳ ಕಟ್ಟಿಸುವವರು ಮೀನಿನ ಬಣ್ಣಕ್ಕೆ, ಸುತ್ತಲಿನ ಕಲ್ಲಿಗೆ, ಕಾರಂಜಿಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ನೆಲದಡಿ ಹೋಗುವ ಪೈಪು ಮತ್ತು ಅದಕ್ಕೆ ಕೂರಿಸುವ ವಾಲ್ವ್ ವಿಷಯ ಬಂದಾಗ ಮಾತ್ರ 'ಯಾವುದೋ ಒಂದು ಹಾಕಪ್ಪಾ' ಅಂದುಬಿಡುತ್ತಾರೆ. ಮುಂದೆ ತೊಂದರೆ ಶುರುವಾಗುವುದು ಅಲ್ಲಿಂದಲೇ.

ಅಡುಗೆಮನೆಯ ನಲ್ಲಿ ಕೆಟ್ಟರೆ ಮೇಲಿನ ಟ್ಯಾಂಕಿನ ವಾಲ್ವ್ ಬಂದ್ ಮಾಡಿ ಬದಲಿಸಬಹುದು. ಆದರೆ ಕೊಳದ ತಳದಿಂದ ಬರುವ ಪೈಪಿನ ಮೊದಲ ವಾಲ್ವ್ ಕೆಟ್ಟರೆ ಅದರ ಹಿಂದೆ ಇನ್ನೊಂದು ವಾಲ್ವ್ ಇರಲ್ಲ, ಇಡೀ ಕೊಳವೇ ಇರುತ್ತದೆ. ಅದನ್ನು ಬಿಚ್ಚಬೇಕೆಂದರೆ ಮೀನು ಬೇರೆಡೆ ಸಾಗಿಸಿ, ನೀರು ಖಾಲಿ ಮಾಡಬೇಕು. ಹಾಗಾಗಿ ಕೊಳದ ವಾಲ್ವ್ ಆರಿಸುವಾಗ ಬೆಲೆಗಿಂತ ಮೊದಲು ನೋಡಬೇಕಾದ್ದು ಎರಡೇ: ಅದು ಯಾವ ಜಾಗದಲ್ಲಿ ಕೂರುತ್ತದೆ, ಮತ್ತು ಅಲ್ಲಿಗೆ ಕೈ ಹೋಗುತ್ತದೆಯೇ.

ಕೊಳದ ನೀರು ಓಡುವ ದಾರಿ

ಕೋಯಿ ಅಂದರೆ ಜಪಾನಿನ ನಿಗಾಟ ಪ್ರಾಂತ್ಯದ ರೈತರು 19ನೇ ಶತಮಾನದಲ್ಲಿ ಬಣ್ಣಕ್ಕಾಗಿ ಬೆಳೆಸಿದ ಗೆಂಡೆ ಜಾತಿಯ ಮೀನು. ಅಕ್ವೇರಿಯಂ ಮೀನಿನಂತೆ ಬೆರಳುದ್ದಕ್ಕೆ ನಿಲ್ಲುವುದಿಲ್ಲ. ಚೆನ್ನಾಗಿ ಸಾಕಿದರೆ ಎರಡು ಅಡಿಯವರೆಗೂ ಬೆಳೆಯುತ್ತದೆ. ತಿನ್ನುವುದೂ ಜಾಸ್ತಿ, ಹೊಲಸು ಮಾಡುವುದೂ ಜಾಸ್ತಿ. ಆ ಹೊಲಸು ತಳದಲ್ಲೇ ಕೊಳೆತರೆ ನೀರಿಗೆ ಅಮೋನಿಯಾ ಸೇರುತ್ತದೆ, ಮೀನಿಗೆ ಅದು ವಿಷ.

ಅದಕ್ಕೇ ಕೋಯಿ ಕೊಳದ ತಳದ ನಡುವೆ ಒಂದು ಡ್ರೈನ್ ಇಡುತ್ತಾರೆ. ಅಲ್ಲಿಂದ ನಾಲ್ಕಿಂಚಿನ ಪೈಪು ನೆಲದಡಿ ಹಾದು, ಪಕ್ಕದ ತೊಟ್ಟಿಗೆ ಸೇರುತ್ತದೆ. ಕೊಳ ಮತ್ತು ತೊಟ್ಟಿಯ ನೀರಿನ ಮಟ್ಟ ಒಂದೇ ಇರುವುದರಿಂದ ನೀರು ತಾನಾಗಿ ಹರಿದು ಬರುತ್ತದೆ. ಹೊಲಸು ಅಲ್ಲಿ ತಳ ಸೇರುತ್ತದೆ. ನಂತರ ನೀರು ಫಿಲ್ಟರ್ ದಾಟಿ, ಪಂಪಿನ ಮೂಲಕ ಕೊಳಕ್ಕೆ ಮರಳುತ್ತದೆ.

ಇಲ್ಲಿ ಎರಡು ವಾಲ್ವ್ ಮುಖ್ಯ. ಒಂದು ಕೊಳ ಮತ್ತು ತೊಟ್ಟಿಯ ನಡುವೆ, ಇನ್ನೊಂದು ತೊಟ್ಟಿಯಿಂದ ಹೊರಗೆ ಹೊಲಸು ಬಿಡಲು. ಮೊದಲನೆಯದನ್ನು ಬಂದ್ ಮಾಡಿ, ಎರಡನೆಯದನ್ನು ತೆರೆದು ತೊಟ್ಟಿ ಖಾಲಿ ಮಾಡಬೇಕು. ಆಮೇಲೆ ಎರಡನೆಯದನ್ನು ಮುಚ್ಚಿ ಮೊದಲನೆಯದನ್ನು ಒಮ್ಮೆಲೇ ಪೂರ್ತಿ ತೆರೆದರೆ ನೀರು ರಭಸದಿಂದ ನುಗ್ಗಿ, ಪೈಪಿನೊಳಗೆ ಕೂತ ಕೊಳೆಯನ್ನೆಲ್ಲ ಎಳೆದು ತರುತ್ತದೆ. ಈ ಕೆಲಸಕ್ಕೆ ಬೇಕಾದ್ದು ಪೂರ್ತಿ ತೆರೆದುಕೊಳ್ಳುವ, ಬೇಗ ತೆರೆಯುವ ವಾಲ್ವ್.

ಒತ್ತಡ ಕಡಿಮೆ, ಕೊಳೆ ಜಾಸ್ತಿ

ವಾಲ್ವ್ ಅಂದ ಕೂಡಲೇ 'ಎಷ್ಟು ಕೆ.ಜಿ. ಪ್ರೆಶರ್ ತಡೆಯುತ್ತೆ' ಅಂತ ಕೇಳುವುದು ರೂಢಿ. ಕೊಳದ ತಳದ ಪೈಪಿನಲ್ಲಿ ಒತ್ತಡ ತೀರಾ ಕಡಿಮೆ. ನಾಲ್ಕು ಅಡಿ ಆಳದ ನೀರು ಚದರ ಸೆಂಟಿಮೀಟರಿಗೆ ಸುಮಾರು 0.12 ಕೆ.ಜಿ. ಒತ್ತುತ್ತದೆ ಅಷ್ಟೆ. ನಾಲ್ಕಿಂಚಿನ ಬಾಯಿಯ ಮೇಲೆ ಒಟ್ಟು ಲೆಕ್ಕ ಹಾಕಿದರೂ ಒಂಬತ್ತು-ಹತ್ತು ಕೆ.ಜಿ. ಭಾರ. ಇಲ್ಲಿ ವಾಲ್ವನ್ನು ಕೆಡಿಸುವುದು ಒತ್ತಡವಲ್ಲ. ಮರಳು, ಎಲೆ, ಪಾಚಿ ಮತ್ತು ಮೀನಿನ ಹೊಲಸು.

ಸ್ಲೈಡ್ ವಾಲ್ವ್: ಕೆರೆ ತೂಬಿಗೆ ಹಲಗೆ ಇಳಿಸಿದ ಹಾಗೆ, ಒಂದು ತೆಳು ತಟ್ಟೆ ಪೈಪಿಗೆ ಅಡ್ಡ ಇಳಿಯುತ್ತದೆ. ಮೇಲೆಳೆದರೆ ಪೈಪಿನ ಬಾಯಿ ಪೂರ್ತಿ ಖುಲ್ಲಾ. ಕೊಳೆ ಸಿಕ್ಕಿಕೊಳ್ಳುವ ಜಾಗ ಕಡಿಮೆ, ಒಂದೇ ಎಳೆತಕ್ಕೆ ತೆರೆಯುತ್ತದೆ. ನಾಲ್ಕಿಂಚಿನ ಡ್ರೈನ್ ಪೈಪಿಗೆ ಹೇಳಿ ಮಾಡಿಸಿದ್ದು ಇದೇ. ಕೊರತೆಯೂ ಇದೆ: ರಬ್ಬರ್ ಸೀಲ್ ಸವೆದರೆ ಹನಿ ಸೋರಬಹುದು. ಪಂಪಿನ ಒತ್ತಡ ಇರುವ ಲೈನಿಗೆ ಇದನ್ನು ಹಾಕಬಾರದು. ಊರಿನ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಇದು ಸಿಗುವುದು ಕಷ್ಟ, ಮೊದಲೇ ತರಿಸಿಡಬೇಕು.

ಬಾಲ್ ವಾಲ್ವ್: ತೂತಿರುವ ಗುಂಡು ಕಾಲು ಸುತ್ತು ತಿರುಗಿದರೆ ತೆರೆಯುತ್ತದೆ, ಮತ್ತೆ ತಿರುಗಿದರೆ ಮುಚ್ಚುತ್ತದೆ. ಬಿಗಿಯಾಗಿ ಮುಚ್ಚುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಎರಡಿಂಚಿನವರೆಗೆ ಅಗ್ಗ, ಎಲ್ಲೆಡೆ ಸಿಗುತ್ತದೆ. ನಾಲ್ಕಿಂಚಿಗೆ ಹೋದರೆ ಬೆಲೆಯೂ ಹೆಚ್ಚು, ಗಾತ್ರವೂ ದೊಡ್ಡದು, ತಿರುಗಿಸಲು ಬಲವೂ ಬೇಕು. ತಿಂಗಳುಗಟ್ಟಲೆ ಮುಟ್ಟದಿದ್ದರೆ ಹಿಡಿದುಕೊಳ್ಳುತ್ತದೆ. ಬೋರ್‌ವೆಲ್‌ನ ಗಡಸು ನೀರಿದ್ದರೆ ಸುಣ್ಣ ಕಟ್ಟಿ ಇನ್ನೂ ಬೇಗ. ಕೆಲವು ಅಗ್ಗದ ವಾಲ್ವ್‌ಗಳಲ್ಲಿ ಹೊರಗಿನ ಅಳತೆ ಎರಡಿಂಚು ಇದ್ದರೂ ಒಳಗಿನ ತೂತು ಚಿಕ್ಕದಿರುತ್ತದೆ. ಕೊಳ್ಳುವಾಗ ಹಿಡಿ ತಿರುಗಿಸಿ, ಒಳಗೆ ಕಣ್ಣಿಟ್ಟು ನೋಡುವುದೇ ಒಳ್ಳೆಯದು.

ಬಟರ್‌ಫ್ಲೈ ವಾಲ್ವ್: ತೆರೆದಾಗಲೂ ಅದರ ತಟ್ಟೆ ಪೈಪಿನ ನಡುವೆಯೇ ನಿಂತಿರುತ್ತದೆ. ನೂಲಿನಂಥ ಪಾಚಿ, ಎಲೆ ಅದಕ್ಕೆ ಸುತ್ತಿಕೊಳ್ಳುತ್ತದೆ. ಹೊಲಸು ಬರುವ ಪೈಪಿಗೆ ಇದು ಬೇಡ.

ಹಿತ್ತಾಳೆ ಗೇಟ್ ವಾಲ್ವ್ ಯಾಕೆ ಬೇಡ

ಮನೆಯ ನೀರಿನ ಲೈನಿಗೆ ಹಿತ್ತಾಳೆ ಅಥವಾ ಗನ್‌ಮೆಟಲ್ ಗೇಟ್ ವಾಲ್ವ್ ಹಳೆಯ ನಂಬಿಕಸ್ತ. ಕೊಳದ ಡ್ರೈನಿಗೆ ಎರಡು ಕಾರಣಕ್ಕೆ ಒಗ್ಗುವುದಿಲ್ಲ. ಗೇಟು ಬಂದು ಕೂರುವ ಕೆಳಗಿನ ಗಾಡಿಯಲ್ಲಿ ಮರಳು ತುಂಬಿಕೊಂಡರೆ ಎಷ್ಟು ತಿರುಗಿಸಿದರೂ ಪೂರ್ತಿ ಮುಚ್ಚುವುದಿಲ್ಲ. ಬಲ ಹಾಕಿದರೆ ಒಳಗಿನ ಸ್ಪಿಂಡಲ್ಲೇ ಹೋಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಈ ಎರಡು ಲೋಹದಲ್ಲೂ ತಾಮ್ರವಿದೆ. ನೀರಿಗೆ ಬಿಡುವ ತಾಮ್ರ ಮನುಷ್ಯರಿಗೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ ಇದ್ದರೂ ಮೀನಿಗೆ ಅಪಾಯ ತರಬಲ್ಲದು. ಮಳೆ ನೀರಿನಂಥ ಮೆದು ನೀರಿನಲ್ಲಿ ಆ ಅಪಾಯ ಹೆಚ್ಚು. ಜಿಐ ಪೈಪಿನ ಸತುವಿನ ಲೇಪಕ್ಕೂ ಇದೇ ಮಾತು. ಹಗಲು ರಾತ್ರಿ ಅದೇ ನೀರು ಸುತ್ತುವ ಲೈನಿನಲ್ಲಿ ಪಿವಿಸಿ ವಾಲ್ವೇ ಕ್ಷೇಮ.

ವಾಲ್ವೇ ಇಲ್ಲದ ಉಪಾಯ

ಹೊಲಸು ಹೊರಬಿಡುವ ಕಡೆ ವಾಲ್ವ್ ಬದಲು ಬರೀ ಒಂದು ಪೈಪ್ ತುಂಡಿನಲ್ಲೇ ಕೆಲಸ ಮುಗಿಸಬಹುದು. ಡ್ರೈನ್ ಪೈಪನ್ನು ಕೊಳದ ಪಕ್ಕದ ಗುಂಡಿಗೆ ತಂದು, ಬೆಂಡ್ ಹಾಕಿ ಬಾಯಿ ಮೇಲಕ್ಕೆ ತಿರುಗಿಸುತ್ತಾರೆ. ಆ ಬಾಯಿಗೆ ರಬ್ಬರ್ ರಿಂಗ್ ಇರುವ ಸಾಕೆಟ್ ಕೂರಿಸಿ, ಅದರೊಳಗೆ ಕೊಳದ ನೀರಿನ ಮಟ್ಟಕ್ಕಿಂತ ಎತ್ತರದ ಪೈಪ್ ತುಂಡನ್ನು ಗಮ್ ಹಾಕದೆ ನೆಟ್ಟಗೆ ನಿಲ್ಲಿಸಬೇಕು. ನೀರು ಪೈಪಿನಲ್ಲಿ ಕೊಳದ ಮಟ್ಟದವರೆಗೆ ಏರಿ ನಿಲ್ಲುತ್ತದೆ. ಪೈಪ್ ಎಳೆದರೆ ಹೊಲಸು ನೀರು ರಭಸವಾಗಿ ಹೊರಬರುತ್ತದೆ, ಮತ್ತೆ ಚುಚ್ಚಿದರೆ ನಿಲ್ಲುತ್ತದೆ. ಕೆಡುವ ಭಾಗ ಅಂತ ಇರುವುದು ಆ ರಬ್ಬರ್ ರಿಂಗ್ ಒಂದೇ.

ಎಚ್ಚರ ಬೇಕಾದ್ದು ಮಕ್ಕಳ ಕೈಗೆ ಸಿಗದ ಹಾಗೆ. ಹತ್ತು ಅಡಿ ಉದ್ದ, ಏಳು ಅಡಿ ಅಗಲ, ನಾಲ್ಕು ಅಡಿ ಆಳದ ಕೊಳ ಹಿಡಿಸುವುದು ಸುಮಾರು 7,900 ಲೀಟರ್. ನಾಲ್ಕಿಂಚಿನ ಬಾಯಿ ತೆರೆದೇ ಬಿಟ್ಟರೆ ಅದು ಬರಿದಾಗಲು ಅರ್ಧ ಗಂಟೆಯೂ ಬೇಡ. ಗುಂಡಿಗೆ ಮುಚ್ಚಳ, ಮುಚ್ಚಳಕ್ಕೆ ಬೀಗ ಇರಲಿ. ವಾಲ್ವ್ ಹಾಕಿದರೂ ಇದೇ ನಿಯಮ.

ಪಂಪಿನ ಕಡೆ ಯಾವುದು?

ಪಂಪಿನಿಂದ ಕೊಳಕ್ಕೆ ಮರಳುವ ಒಂದೂವರೆ-ಎರಡಿಂಚಿನ ಲೈನಿಗೆ ಬಾಲ್ ವಾಲ್ವ್ ಸರಿ. ಎರಡೂ ಬದಿ ಯೂನಿಯನ್ ಇರುವುದನ್ನೇ ಕೇಳಿ. ಕೆಟ್ಟಾಗ ಪೈಪ್ ಕತ್ತರಿಸದೆ, ನಟ್ಟು ಸಡಿಲಿಸಿ ವಾಲ್ವನ್ನಷ್ಟೇ ತೆಗೆಯಬಹುದು. ನೀರು ಕಡಿಮೆ ಮಾಡಬೇಕಿದ್ದರೆ ಪಂಪ್ ದಾಟಿದ ಮೇಲಿನ ವಾಲ್ವನ್ನು ಮಾತ್ರ ಒತ್ತಬೇಕು. ಪಂಪಿಗೆ ನೀರು ಬರುವ ಕಡೆ ಕಟ್ಟಿದರೆ ಪಂಪ್ ಏದುಸಿರು ಬಿಟ್ಟು ಬೇಗ ಹಾಳಾಗುತ್ತದೆ.

ಫಿಲ್ಟರ್ ಕೊಳಕ್ಕಿಂತ ಎತ್ತರದಲ್ಲಿದ್ದರೆ ಎನ್‌ಆರ್‌ವಿ ಬೇಕೇ ಬೇಕು. ಕರೆಂಟ್ ಹೋದ ತಕ್ಷಣ ನೀರು ಬಂದ ದಾರಿಯಲ್ಲೇ ವಾಪಸ್ ಇಳಿಯುವುದನ್ನು ಇದು ತಡೆಯುತ್ತದೆ. ಕೊಳಕ್ಕೆ ಹೊಸ ನೀರು ಬಿಡುವ ಲೈನಿಗೆ ಟ್ಯಾಂಕಿನಲ್ಲಿ ಹಾಕುವಂಥ ಫ್ಲೋಟ್ ವಾಲ್ವ್ ಸಾಕು. ಆದರೆ ಪುರಸಭೆಯ ಕ್ಲೋರಿನ್ ನೀರನ್ನು ನೇರ ಬಿಡಬಾರದು. ಪೈಪ್ ಹಾಕಿ ಮರೆತು ಬೆಳಗಾಗುವಷ್ಟರಲ್ಲಿ ಮೀನೆಲ್ಲ ಸಾಯಲು ಆ ಕ್ಲೋರಿನ್ ಸಾಕು. ಅಕ್ವೇರಿಯಂ ಅಂಗಡಿಯ ಆ್ಯಂಟಿ-ಕ್ಲೋರಿನ್ ಬಳಸಿದ ನೀರಷ್ಟೇ ಕೊಳಕ್ಕೆ ಹೋಗಬೇಕು.

'ನಾಲ್ಕಿಂಚು' ಅಂದರೆ ಸಾಲದು

ಗ್ರಾಹಕರು-ಅಂಗಡಿಯವರ ನಡುವೆ ಜಗಳ ತರುವ ವಿಷಯ ಇದು.

'ಅಣ್ಣಾ, ನಾಲ್ಕಿಂಚಿಂದು ಒಂದು ವಾಲ್ವ್ ಕೊಡಿ.'

'ಯಾವ ಪೈಪಿಗೆ ಸಾರ್? ತೋಟದ ಪೈಪಿಗಾ, ಪ್ಲಂಬಿಂಗ್ ಪೈಪಿಗಾ?'

ಹೀಗೆ ತಿರುಗಿ ಕೇಳುವ ಅಂಗಡಿಯವರು ಗ್ರಾಹಕನ ಎರಡು ಓಡಾಟ ತಪ್ಪಿಸುತ್ತಾರೆ. ತೋಟಕ್ಕೆ ಹಾಕುವ ಮಿಲಿಮೀಟರ್ ಅಳತೆಯ ಪಿವಿಸಿ ಪೈಪಿನಲ್ಲಿ ನಾಲ್ಕಿಂಚು ಅಂದರೆ ಹೊರ ಅಳತೆ 110 ಮಿ.ಮೀ. ಮನೆ ಪ್ಲಂಬಿಂಗ್‌ಗೆ ಬರುವ ಶೆಡ್ಯೂಲ್ 40, 80ರ ಯುಪಿವಿಸಿ ಪೈಪಿನಲ್ಲಿ ಅದೇ ನಾಲ್ಕಿಂಚು 114.3 ಮಿ.ಮೀ. ಎರಡಿಂಚಿಗೆ ಒಂದರಲ್ಲಿ 63, ಇನ್ನೊಂದರಲ್ಲಿ 60.3. ಒಂದೂವರೆ ಇಂಚಿಗೆ 50 ಮತ್ತು 48.3. ನೋಡಲು ಒಂದೇ ಥರ ಇದ್ದರೂ ಒಂದರೊಳಗೊಂದು ಕೂರುವುದಿಲ್ಲ. ಸಡಿಲ ಇದ್ದಲ್ಲಿ ಜಾಸ್ತಿ ಗಮ್ ಬಳಿದು ಕೂರಿಸಿದರೆ ಇವತ್ತಲ್ಲ ನಾಳೆ ಸೋರುತ್ತದೆ. ಪೈಪಿನದೊಂದು ತುಂಡು ಕತ್ತರಿಸಿ ಅಂಗಡಿಗೆ ಒಯ್ಯುವುದು ಎಲ್ಲಕ್ಕಿಂತ ಸುಲಭ.

ಕೂರಿಸುವಾಗ ನೆನಪಿರಲಿ

• ವಾಲ್ವನ್ನು ಕಾಂಕ್ರೀಟ್ ಅಡಿ, ಮಣ್ಣಿನಡಿ ಹೂಳಬೇಡಿ. ಇಟ್ಟಿಗೆ ಗುಂಡಿ ಕಟ್ಟಿ, ಎರಡು ಕೈ ಮತ್ತು ಒಂದು ಸ್ಪ್ಯಾನರ್ ಆಡುವಷ್ಟು ಜಾಗ ಬಿಡಿಸಿ.

• ಎರಡು ಡ್ರೈನ್ ಇದ್ದರೆ ಎರಡಕ್ಕೂ ಬೇರೆ ಪೈಪ್, ಬೇರೆ ವಾಲ್ವ್. ಟೀ ಹಾಕಿ ಒಂದು ಮಾಡಿದರೆ ನೀರು ಸುಲಭದ ದಾರಿಯಲ್ಲೇ ಹೋಗಿ, ಇನ್ನೊಂದರಲ್ಲಿ ಕೊಳೆ ಕಟ್ಟುತ್ತದೆ.

• ಗಮ್ ಹಚ್ಚುವಾಗ ವಾಲ್ವಿನ ಗುಂಡಿಗೆ ಅಥವಾ ತಟ್ಟೆಗೆ ತಾಗದಿರಲಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು, ಪೈಪ್ ತೊಳೆದ ಮೇಲೆಯೇ ಮೀನು ಬಿಡಬೇಕು.

• ಗುಂಡಿ ಮುಚ್ಚುವ ಮೊದಲು ಕೊಳ ತುಂಬಿಸಿ, ಒಂದೆರಡು ದಿನ ಜೋಡಣೆಗಳನ್ನು ಒಣಬಟ್ಟೆಯಿಂದ ಒರೆಸಿ ನೋಡಿ.

• ಬಳಸಲಿ, ಬಿಡಲಿ, ತಿಂಗಳಿಗೊಮ್ಮೆ ಎಲ್ಲ ವಾಲ್ವ್ ತೆರೆದು ಮುಚ್ಚಿ.

ಸೋರಿಕೆಯೋ, ಬಿಸಿಲೋ?

ಬೇಸಿಗೆಯಲ್ಲಿ ನೀರು ಇಳಿದರೆ 'ಬಿಸಿಲಿಗೆ ಆರಿತು' ಅನ್ನುವುದು ವಾಡಿಕೆ. ನಿಮಿಷಕ್ಕೆ ಅರ್ಧ ಲೀಟರ್ ಸೋರುವ ವಾಲ್ವ್ ದಿನಕ್ಕೆ 720 ಲೀಟರ್ ಕಳೆಯುತ್ತದೆ. ಮೇಲೆ ಹೇಳಿದ ಅಳತೆಯ ಕೊಳದಲ್ಲಿ ಅದು ದಿನಕ್ಕೆ ನಾಲ್ಕಿಂಚಿಗೂ ಹೆಚ್ಚು ಇಳಿತ. ಬಿಸಿಲಿಗೆ ಆರುವುದು ಕೆಲವು ಮಿಲಿಮೀಟರ್ ಮಾತ್ರ. ಅನುಮಾನ ಇದ್ದರೆ ಪಂಪ್, ಕಾರಂಜಿ ನಿಲ್ಲಿಸಿ, ಹೊಸ ನೀರು ಬರುವುದನ್ನೂ ಕಟ್ಟಿ. ಒಂದು ಬಕೆಟ್‌ನಲ್ಲಿ ನೀರು ತುಂಬಿ ಕೊಳದ ಅಂಚಿನ ನೀರಿನಲ್ಲೇ ಇಡಿ. ಎರಡರ ಮಟ್ಟಕ್ಕೂ ಗುರುತು ಹಾಕಿ, ಮಾರನೆಯ ದಿನ ನೋಡಿ. ಎರಡೂ ಸಮ ಇಳಿದರೆ ಬಿಸಿಲು. ಕೊಳ ಮಾತ್ರ ಹೆಚ್ಚು ಇಳಿದರೆ ಸೋರಿಕೆ. ಪಂಪ್ ನಿಂತಷ್ಟು ಹೊತ್ತು ಮೀನಿಗೆ ಗಾಳಿ ಪಂಪ್ ಓಡುತ್ತಿರಲಿ.

ಹೊರಬಿಟ್ಟ ಹೊಲಸು ನೀರು ಬಾಳೆ, ತೆಂಗಿಗೆ ಒಳ್ಳೆ ಗೊಬ್ಬರ. ಮೀನಿನ ಚಿಕಿತ್ಸೆಗೆ ಉಪ್ಪು ಹಾಕಿದ ವಾರ ಮಾತ್ರ ಗಿಡಕ್ಕೆ ಬಿಡಬೇಡಿ. ಹಳ್ಳ, ಕೆರೆಗೂ ನೇರ ಹರಿಸಬಾರದು. ನೀರಿನ ಜತೆ ಮರಿ ಮೀನು ಹೋಗಿ ಅಲ್ಲಿನ ಮೀನುಗಳಿಗೆ ಪೈಪೋಟಿ ಕೊಡುತ್ತವೆ.

ಕೊಳ ಕಟ್ಟಿಸುವವರು ಗಾರೆ ಕೆಲಸ ಶುರುವಾಗುವ ಮೊದಲೇ ಮೇಸ್ತ್ರಿ ಮತ್ತು ಪ್ಲಂಬರ್ ಇಬ್ಬರನ್ನೂ ಕೂರಿಸಿಕೊಂಡು ವಾಲ್ವ್ ಗುಂಡಿ ಎಲ್ಲಿ ಬರಬೇಕೆಂದು ಗುರುತು ಹಾಕಿಸಿದರೆ ಅರ್ಧ ಕೆಲಸ ಮುಗಿದಂತೆ. ತಳಕ್ಕೆ ಕಾಂಕ್ರೀಟ್ ಬಿದ್ದ ಮೇಲೆ ಪೈಪ್ ದಾರಿ ಬದಲಿಸುವುದೆಂದರೆ ಕೊಳವನ್ನೇ ಒಡೆಯುವ ಮಾತು.